ಅಗಸಿ ಮುಂದಿನ ಕರಿಹಲಗೆ: ಊರಿನ ಪಂಚಾಯತಿ ಸುದ್ದಿ ಬರೆಯುವ ಕ್ರಮ

ನಮ್ಮ ಕಡೆ, ಕಲ್ಯಾಣ ಕರ್ನಾಟಕದಲ್ಲಿ, ಒಂದು ಗ್ರಾಮ ಪಂಚಾಯತಿ ಅಂದರೆ ಒಂದೇ ಊರಲ್ಲ. ಮೂರ್ನಾಲ್ಕು ಹಳ್ಳಿ, ಜೊತೆಗೆ ಒಂದೆರಡು ತಾಂಡಾ. ಕಚೇರಿ ಇರುವುದು ಅವುಗಳಲ್ಲಿ ಒಂದರಲ್ಲಿ ಮಾತ್ರ. ನೋಟಿಸು ಆ ಕಚೇರಿಯ ಬಾಗಿಲಿಗೆ ಅಂಟುತ್ತದೆ. ಉಳಿದ ಊರಿಗೆ ಡಂಗುರದವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಸುದ್ದಿ ಚಾದಂಗಡಿ ಮುಟ್ಟುವ ಹೊತ್ತಿಗೆ ಎರಡು ಲಕ್ಷದ ಕೆಲಸ ಇಪ್ಪತ್ತು ಲಕ್ಷದ್ದಾಗಿರುತ್ತದೆ, ಬರೀ ಅರ್ಜಿ ಕೊಟ್ಟದ್ದು ಮಂಜೂರೇ ಆಗಿರುತ್ತದೆ. ಅಗಸಿ, ಅಂದರೆ ಊರ ಹೆಬ್ಬಾಗಿಲ, ಹತ್ತಿರ ಒಂದು ಕರಿಹಲಗೆ ಹಾಕಿ ವಾರಕ್ಕೆ ಎರಡು ಸಲ ನೂರು ಪದ ಬರೆದರೆ ಈ ಗೊಂದಲ ಬಹಳಷ್ಟು ಇಳಿಯುತ್ತದೆ. ವಾಟ್ಸಾಪ್ ಗುಂಪು ಇದ್ದರೂ ಹಲಗೆ ಬೇಕು. ಫೋನಿಲ್ಲದ ಅಜ್ಜಿಯೂ ಶಾಲಿ ಹುಡುಗನ ಕಡೆಯಿಂದ ಓದಿಸಿಕೊಳ್ಳುತ್ತಾಳೆ. ಮೇಲಾಗಿ, ಇಡೀ ಊರು ನೋಡುವಲ್ಲಿ ಬರೆಯುವಾಗ ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

ಜಾಗ ಮತ್ತು ಹಲಗೆ

ಜಾಗ ಆರಿಸುವಾಗ ಮೊದಲು ನೋಡಬೇಕಾದ್ದು ಅಲ್ಲಿ ಎಲ್ಲ ಓಣಿಯವರೂ ನಿಂತು ಓದಬಹುದೇ ಅನ್ನುವುದು. ಗುಡಿ ಗೋಡೆ, ಮಸೀದಿ ಗೋಡೆ, ಸಮುದಾಯ ಭವನದ ಗೋಡೆ ಮೂರೂ ಬೇಡ. ಹಲಗೆ ಯಾರದೋ ಒಬ್ಬರದಾಗಿಬಿಡುತ್ತದೆ. ಅಗಸಿ, ಬಸ್ ನಿಲ್ಲುವ ಕಡೆ, ನ್ಯಾಯಬೆಲೆ ಅಂಗಡಿ ಎದುರು, ಶಾಲೆಯ ಕಾಂಪೌಂಡಿನ ಹೊರಮುಖ ಒಳ್ಳೆಯವು. ನೀರು ತುಂಬುವ ಜಾಗದ ಹತ್ತಿರ ಇದ್ದರೆ ಹೆಣ್ಣುಮಕ್ಕಳು ಓದುತ್ತಾರೆ, ಚಾದಂಗಡಿ ಕಟ್ಟಿಯ ಮೇಲಿದ್ದರೆ ಓದುವುದಿಲ್ಲ. ಖಾಸಗಿ ಗೋಡೆಯಾದರೆ ಮಾಲೀಕರಿಂದ, ಸರಕಾರಿ ಗೋಡೆಯಾದರೆ ಪಂಚಾಯತಿ ಅಥವಾ ಶಾಲೆಯಿಂದ ಒಪ್ಪಿಗೆಯನ್ನು ಕಾಗದದ ಮೇಲೆ ಪಡೆಯಿರಿ. ಮುಂದೆ ಯಾರಿಗಾದರೂ ಒಂದು ಸುದ್ದಿ ಹಿಡಿಸದಿದ್ದಾಗ ಮೊದಲು ಬರುವ ಮಾತೇ "ಈ ಹಲಗಿ ಯಾರ್ ಕೇಳಿ ಹಾಕೀರಿ?"

ಉತ್ತರಕ್ಕೆ ಮುಖ ಮಾಡಿದ ಗೋಡೆ ಸಿಕ್ಕರೆ ಬಿಡಬೇಡಿ. ನೇರ ಬಿಸಿಲು ಕಡಿಮೆ, ಮುಂಗಾರಿನ ಪಡುವಣ ಮಳೆಯ ಎರಚಲೂ ಕಡಿಮೆ. ಹಲಗೆ 6 ಅಡಿ ಅಗಲ, 4 ಅಡಿ ಎತ್ತರ ಇರಲಿ. ಕೆಳಗಿನ ಅಂಚು ನೆಲದಿಂದ 3 ಅಡಿಗೆ ಬರಬೇಕು, ಮೇಲೆ ಒಂದೂವರೆ ಅಡಿ ಹೊರಚಾಚಿದ ತಗಡಿನ ಚಾಟು ಬೇಕು. ಮರದ ಹಲಗೆಯಾದರೆ 12 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್ಡು. ಗೋಡೆಗೇ ಮಾಡುವುದಾದರೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಜರಡಿ ಹಿಡಿದ ಉಸುಕು ಸೇರಿಸಿ ಅರ್ಧ ಇಂಚು ಗಿಲಾವು ಮಾಡಿ, ಏಳು ದಿನ ನೀರುಣಿಸಿ, ಆಮೇಲೆ ಎರಡು ಮೂರು ವಾರ ಒಣಗಲು ಬಿಡಿ. ಈ ಒಣಗಿಸುವ ಕೆಲಸದಲ್ಲೇ ಅವಸರ ಆಗುವುದು. ಹಸಿ ಗಿಲಾವಿನ ಮೇಲೆ ಬಣ್ಣ ಹೊಡೆದರೆ ಒಳಗಿನ ತೇವ ಹೊರಬರುತ್ತಾ ಬಣ್ಣ ಗುಳ್ಳೆಯೆದ್ದು ಕಿತ್ತುಹೋಗುತ್ತದೆ.

ಬಣ್ಣ ಕರಿಹಲಗೆಯ ಬಣ್ಣವೇ ಆಗಿರಬೇಕು. ಅಂಗಡಿಯಲ್ಲಿ ಸಾದಾ ಕರಿ ಎನಾಮಲ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ಮಿಂಚುತ್ತದೆ, ಸೀಮೆಸುಣ್ಣ ಜಾರುತ್ತದೆ, ಮಧ್ಯಾಹ್ನ ಒಂದಕ್ಷರವೂ ಕಾಣುವುದಿಲ್ಲ. ಈ ಅಳತೆಗೆ ಎರಡು ಸಲ ಬಳಿಯಲು ಅರ್ಧ ಲೀಟರು ಸಾಕು; ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ಒಂದು ದಿನ ಬಿಡಿ. ಪೂರ್ತಿ ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಹಲಗೆಯ ತುಂಬ ಸವರಿ, ಒಣ ಬಟ್ಟೆಯಿಂದ ಒರೆಸಿ, ಆಮೇಲಷ್ಟೇ ಬರೆಯಿರಿ. ಇದನ್ನು ಬಿಟ್ಟರೆ ಮೊದಲ ದಿನ ಬರೆದ ಅಕ್ಷರದ ಗುರುತು ತಿಂಗಳಾದರೂ ಹೋಗುವುದಿಲ್ಲ.

ಎಂಟು ಹತ್ತು ಅಡಿ ದೂರದಿಂದ ಓದಲು ಅಕ್ಷರ ಒಂದೂಕಾಲು ಇಂಚು ಬೇಕು. ಸಾಲಿನಿಂದ ಸಾಲಿಗೆ 3 ಇಂಚು ಬಿಡಿ. ಕನ್ನಡದ ಒತ್ತಕ್ಷರ ಕೆಳಗಿಳಿಯುವುದರಿಂದ ಇದಕ್ಕಿಂತ ಒತ್ತಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲಕಟ್ಟಿಗೆ ತಾಗುತ್ತದೆ. ಈ ಲೆಕ್ಕದಲ್ಲಿ ತಲೆಬರಹ ಬಿಟ್ಟು 14 ಸಾಲು, ಹೆಚ್ಚುಕಡಿಮೆ ನೂರು ಪದ ಹಿಡಿಯುತ್ತವೆ. ಬಿಳಿ ಮತ್ತು ಹಳದಿ ಎರಡೇ ಬಣ್ಣ ಬಳಸಿ. ಕೆಂಪು, ನೀಲಿ ಹತ್ತಿರ ಚೆಂದ ಕಾಣುತ್ತವೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮಾಯ.

ಕೈಗಳು

ಮೂರು ಮಂದಿ ಸಾಕು: ಪಂಚಾಯತಿ ಕಚೇರಿಗೆ ಹೋಗಿ ಬರೆದುಕೊಂಡು ಬರುವವರು, ಅಕ್ಷರ ದುಂಡಗಿರುವ ಒಬ್ಬ ಹುಡುಗ ಅಥವಾ ಹುಡುಗಿ, ಓಣಿ ಓಣಿಯ ಸುದ್ದಿ ತರುವವರು. ಮೂರನೆಯವರು ಸ್ವಸಹಾಯ ಸಂಘದ ಹೆಣ್ಣುಮಗಳಾದರೆ ಅರ್ಧ ಕೆಲಸ ಹಗುರ. ಮೂವರೂ ಒಂದೇ ಓಣಿಯವರು, ಒಂದೇ ಮನೆತನದವರು ಆಗಬಾರದು. ತಾಂಡಾದವರು ಒಬ್ಬರು ಇರಲೇಬೇಕು. ಹಾಲಿ ಸದಸ್ಯರು, ಚುನಾವಣೆಗೆ ನಿಲ್ಲುವ ಮನಸ್ಸಿದ್ದವರು, ಗುತ್ತಿಗೆದಾರರು ದೂರ ಇರಲಿ. ಔರಾದ್, ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ ಓದುವ ಮನೆಗಳಿರುವ ಊರಲ್ಲಿ, ಉರ್ದು ಓದುವವರು ಹೆಚ್ಚಿರುವ ಊರಲ್ಲಿ, ಸಭೆಯ ದಿನಾಂಕ ಮತ್ತು ಕೊನೆಯ ತಾರೀಖು ಇವೆರಡನ್ನಾದರೂ ಆ ಲಿಪಿಯಲ್ಲೂ ಬರೆಯಿರಿ. ಪೂರ್ತಿ ತರ್ಜುಮೆಗೆ ಹಲಗೆಯಲ್ಲಿ ಜಾಗವಿಲ್ಲ.

ಪಂಚಾಯತಿ ಸುದ್ದಿ ತರುವುದು

ಸಾಮಾನ್ಯ ಸಭೆ ತಿಂಗಳಿಗೊಮ್ಮೆ ಸೇರುತ್ತದೆ. ಕೂತು ಕೇಳಬೇಕೆಂದಿದ್ದರೆ ಅಧ್ಯಕ್ಷರಿಗೆ, ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಮೊದಲೇ ಹೇಳಿ ಹೋಗಿ. ಆದರೆ ಅಲ್ಲಿ ಕೇಳಿದ್ದನ್ನು ಅದೇ ಸಂಜೆ ಹಲಗೆಗೆ ಏರಿಸಬೇಡಿ. ಸಭೆಯಲ್ಲಿ ದೊಡ್ಡ ದನಿಯಲ್ಲಿ ಆಡಿದ ಮಾತಿಗೂ ನಡಾವಳಿ ಪುಸ್ತಕದಲ್ಲಿ ಉಳಿಯುವ ಮಾತಿಗೂ ಅಂತರ ಇರುತ್ತದೆ, ಮುಂದೆ ಹಣ ಇಳಿಯುವುದು ಪುಸ್ತಕದಲ್ಲಿರುವುದಕ್ಕೆ. ನಡಾವಳಿ ಬರೆದು ಸಹಿಯಾದ ಮೇಲೆ ವಿಷಯ ಸಂಖ್ಯೆ, ತೀರ್ಮಾನ, ಮೊತ್ತ ಮೂರನ್ನೂ ನೋಡಿ ಬರೆದುಕೊಳ್ಳಿ. ಪಂಚಾಯತಿಯ ವರ್ಷದ ಯೋಜನೆ, 15ನೇ ಹಣಕಾಸು ಆಯೋಗದ ಹಣ ಯಾವ ಕೆಲಸಕ್ಕೆ ಎಷ್ಟು ಹೋಯಿತು ಅನ್ನುವುದು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಪಂಚಾಯತಿವಾರು ಸಿಗುತ್ತದೆ, ಫೋನಿನಲ್ಲೇ ನೋಡಬಹುದು. ಒಂದು ಕಿವಿಮಾತು: 2021–26ರ ಅವಧಿಯ ಆ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. "ಅಷ್ಟು ರೊಕ್ಕ ಬಂದದ, ನಮ್ಮ ಓಣಿ ರಸ್ತಾ ಯಾಕ ಆಗಿಲ್ಲ?" ಎಂದು ಯಾರಾದರೂ ಕೇಳಿದರೆ ಈ ಒಂದು ಸಾಲು ಅರ್ಧ ಉತ್ತರ ಕೊಡುತ್ತದೆ.

ಪುಸ್ತಕ ತೋರಿಸಲು ಹಿಂದೆಮುಂದೆ ನೋಡಿದರೆ ಜಗಳಕ್ಕೆ ನಿಲ್ಲಬೇಡಿ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಪಂಚಾಯತಿಯಲ್ಲಿ ಪಿಡಿಒ ಅವರೇ ಮಾಹಿತಿ ಅಧಿಕಾರಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೆ ಅರ್ಜಿಗೆ ಅದೇ ಸಾಕ್ಷಿಯಾಗುತ್ತದೆ. ಉತ್ತರಕ್ಕೆ 30 ದಿನ, ಬರದಿದ್ದರೆ ಮುಂದಿನ 30 ದಿನದೊಳಗೆ ಮೇಲ್ಮನವಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ನೀರು, ರಸ್ತೆ, ಬೀದಿದೀಪ ಮೂರನ್ನೂ ಒಂದೇ ಕಾಗದದಲ್ಲಿ ತುರುಕಿದ ಅರ್ಜಿ ಅಲ್ಲೇ ನಿಲ್ಲುತ್ತದೆ. "ಅವ್ಯವಹಾರದ ವಿವರ ಕೊಡಿ" ಎಂದು ಕೇಳಿದರೂ ಏನೂ ಸಿಗುವುದಿಲ್ಲ. "ಇಂಥ ತಿಂಗಳ ಸಾಮಾನ್ಯ ಸಭೆಯ ನಡಾವಳಿಯ ದೃಢೀಕೃತ ಪ್ರತಿ" ಎಂದು ಕಾಗದದ ಹೆಸರು ಹಿಡಿದು ಕೇಳಿ.

ಕೆಲಸ ಯಾವ ಮೆಟ್ಟಿಲ ಮೇಲಿದೆ?

ಹಲಗೆಯ ಮೇಲೆ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. "ರಸ್ತೆ ಮಂಜೂರು" ಎಂದು ಬರೆದುಬಿಡುತ್ತಾರೆ, ವರ್ಷವಾದರೂ ಒಂದು ಬುಟ್ಟಿ ಕಂಕರು ಬೀಳುವುದಿಲ್ಲ, ಊರವರು ಹಲಗೆಯನ್ನೇ ಸುಳ್ಳು ಅನ್ನುತ್ತಾರೆ. ಒಂದು ಸಿಸಿ ರಸ್ತೆ ವಾರ್ಡ್ ಸಭೆಯಲ್ಲಿ ಬೇಡಿಕೆಯಾಗಿ ಹುಟ್ಟಿ, ಗ್ರಾಮಸಭೆಯಲ್ಲಿ ಪಟ್ಟಿ ಸೇರಿ, ಕ್ರಿಯಾಯೋಜನೆಯಲ್ಲಿ ಕೂತು, ಮೇಲಿನ ಅನುಮೋದನೆ ಪಡೆದು, ಎಂಜಿನಿಯರರ ಅಂದಾಜು ಪತ್ರಿಕೆಯಾಗಿ, ಕಾರ್ಯಾದೇಶ ಬಂದಮೇಲಷ್ಟೇ ನೆಲಕ್ಕಿಳಿಯುತ್ತದೆ. ಕೆಲಸ ಮುಗಿದ ಮೇಲೂ ಅಳತೆ ಪುಸ್ತಕದಲ್ಲಿ ಬರೆದು ಬಿಲ್ಲು ಆಗುವ ಮೆಟ್ಟಿಲು ಉಳಿದಿರುತ್ತದೆ. ನೀವು ಬರೆಯುವ ಸಾಲಿನಲ್ಲಿ ಕೆಲಸ ಈಗ ಇವುಗಳಲ್ಲಿ ಎಲ್ಲಿದೆ ಎಂಬುದು ಕಾಣಬೇಕು: "ಕ್ರಿಯಾಯೋಜನೆಯಲ್ಲಿದೆ, ಅನುಮೋದನೆ ಬಂದಿಲ್ಲ" ಅಥವಾ "ಕಾರ್ಯಾದೇಶ ಆಗಿದೆ, ಕೆಲಸ ಶುರುವಾಗಿಲ್ಲ".

ಯಾರ ಹಣ, ಯಾರ ಕೆಲಸ ಅನ್ನುವುದನ್ನೂ ಬಿಡಬೇಡಿ. ಹಿಂದುಳಿದ ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ಕಲಂ 2013ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಭಾಗದ ಊರುಗಳಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಯ, ಅಂದರೆ ಈಗಿನ ಕಲ್ಯಾಣ ಕರ್ನಾಟಕ ಮಂಡಳಿ ಕೆಕೆಆರ್‌ಡಿಬಿಯ, ಹಣದ ಕೆಲಸಗಳೂ ನಡೆಯುತ್ತಿವೆ. ಅದರ ಮೇಲೆ ಶಾಸಕರ ನಿಧಿ, ಸಂಸದರ ನಿಧಿ, ಜಲಜೀವನ ಮಿಷನ್. ಕೆಲಸ ಮಾಡುವವರು ಪಂಚಾಯತಿಯೇ ಇರಬಹುದು, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ ಇರಬಹುದು, ಸರಕಾರಿ ಕಾಮಗಾರಿ ಸಂಸ್ಥೆಗಳಾದ ಕೆಆರ್‌ಐಡಿಎಲ್ ಅಥವಾ ನಿರ್ಮಿತಿ ಕೇಂದ್ರ ಇರಬಹುದು. ಪಂಚಾಯತಿಗೆ ಸಂಬಂಧವೇ ಇಲ್ಲದ ಕೆಲಸ ಅರ್ಧಕ್ಕೆ ನಿಂತರೆ ಊರು ಬೈಯುವುದು ಅಧ್ಯಕ್ಷರನ್ನು. ಹಲಗೆ ಸರಿಯಾದ ಬಾಗಿಲು ತೋರಿಸಿದರೆ ಅರ್ಜಿಯೂ ಸರಿಯಾದ ಕಡೆಗೆ ಹೋಗುತ್ತದೆ.

ಅಂದಾಜು ಪತ್ರಿಕೆ ಕೈಗೆ ಸಿಕ್ಕರೆ ಉದ್ದ, ಅಗಲ, ದಪ್ಪ ಬರೆದುಕೊಳ್ಳಿ. 60 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಅಂದರೆ 27 ಘನ ಮೀಟರ್ ಕಾಂಕ್ರೀಟು. ಉದ್ದ ಅಗಲವನ್ನು ಟೇಪು ಹಿಡಿದು ಯಾರು ಬೇಕಾದರೂ ಅಳೆಯಬಹುದು, ದಪ್ಪವನ್ನು ಕಾಂಕ್ರೀಟು ಹಾಕುವ ದಿನ ಬದಿಯ ತಗಡಿನ ಹತ್ತಿರ ನೋಡಬೇಕು, ಆಮೇಲೆ ತಿಳಿಯುವುದಿಲ್ಲ. ವ್ಯತ್ಯಾಸ ಕಂಡರೆ ಎರಡೂ ಅಂಕಿಯನ್ನು ಪಕ್ಕಪಕ್ಕ ಬರೆಯಿರಿ, ಮುಂದೆ ಒಂದು ಅಕ್ಷರವೂ ಬೇಡ. "ಅಂದಾಜಿನಲ್ಲಿ 60 ಮೀ., ನೆಲದ ಮೇಲೆ 52 ಮೀ." ಅನ್ನುವ ಸಾಲಿಗೆ ಉತ್ತರ ಕೊಡಲೇಬೇಕಾಗುತ್ತದೆ. "ರೊಕ್ಕ ತಿಂದಾರ" ಎಂದು ಬರೆದರೆ ಜಗಳ ಆ ಮಾತಿನ ಮೇಲೆ ತಿರುಗಿ ಎಂಟು ಮೀಟರಿನ ಪ್ರಶ್ನೆ ಮರೆತುಹೋಗುತ್ತದೆ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಕೆಳಗೆ ಅಪರಾಧ ಅನ್ನುವುದೂ ನೆನಪಿರಲಿ.

ಒಂದು ಮಾದರಿ (ಅಂಕಿಗಳು ಉದಾಹರಣೆಗೆ ಮಾತ್ರ):

"ಬುಧವಾರ. ಸಾಮಾನ್ಯ ಸಭೆ: 17 ಸದಸ್ಯರಲ್ಲಿ 11 ಹಾಜರು. ವಿಷಯ 4: ಮೂರನೇ ವಾರ್ಡಿನ ಬೋರಿನ ಮೋಟಾರು ರಿಪೇರಿಗೆ 28,500 ರೂ. ಒಪ್ಪಿಗೆ. ವಿಷಯ 7: ತಾಂಡಾ ಚರಂಡಿ, ಅಂದಾಜು ಪತ್ರಿಕೆ ಬರದ ಕಾರಣ ಮುಂದಿನ ಸಭೆಗೆ. ಆಧಾರ: ನಡಾವಳಿ ಪುಸ್ತಕ."

ಸದಸ್ಯೆಯರ ವಿಷಯದಲ್ಲಿ ಒಂದು ಪದ್ಧತಿ ಇಟ್ಟುಕೊಳ್ಳಿ. ಕರ್ನಾಟಕದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಮಾತಾಡಿದವರು ಅವರ ಗಂಡನೋ ಮೈದುನನೋ ಆಗಿದ್ದರೂ, ಹಲಗೆಯ ಮೇಲೆ ಬರುವುದು ಆರಿಸಿ ಬಂದ ಹೆಣ್ಣುಮಗಳ ಹೆಸರು. ಗಂಡ ಹೇಳಿದ್ದು ಸದಸ್ಯರ ಹೇಳಿಕೆ ಅಲ್ಲ; ಬೇಕಾದರೆ ಮನೆಗೆ ಹೋಗಿ "ಅಕ್ಕೋರ, ನೀವ್ ಏನಂತೀರಿ?" ಎಂದು ಕೇಳಿ ಬರೆಯಿರಿ.

ಸಭೆಯ ಮುಂಚೆ, ಸಭೆಯ ನಂತರ

ವಾರ್ಡ್ ಸಭೆ, ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಆಗಬೇಕೆಂದು 1993ರ ಪಂಚಾಯತ್ ರಾಜ್ ಅಧಿನಿಯಮ ಹೇಳುತ್ತದೆ. ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ವಾರ್ಡ್ ಸಭೆಗೆ ಹತ್ತನೇ ಒಂದು ಅಥವಾ 20, ಯಾವುದು ಕಡಿಮೆಯೋ ಅಷ್ಟು. ಈ ಅಂಕಿಗಳನ್ನು ಹಲಗೆಯ ಮೂಲೆಯಲ್ಲಿ ಎಣ್ಣೆಬಣ್ಣದಿಂದ ಕಾಯಂ ಆಗಿ ಬರೆದಿಟ್ಟರೂ ನಡೆಯುತ್ತದೆ. ಸಭೆಯ ದಿನಾಂಕ ಗೊತ್ತಾದ ದಿನದಿಂದ ಸಭೆ ಮುಗಿಯುವವರೆಗೆ ದಿನ, ವೇಳೆ, ಜಾಗ ಮೇಲಿನ ಸಾಲಿನಲ್ಲೇ ಇರಲಿ. ಸಂತಿ ದಿನ ಅಥವಾ ಎಳ್ಳಮಾಸಿಯ (ಎಳ್ಳು ಅಮಾವಾಸ್ಯೆಯ) ದಿನ ಸಭೆ ಇಟ್ಟರೆ ಜನ ಬರುವುದಿಲ್ಲ; ಎಳ್ಳಮಾಸಿಗೆ ಊರೇ ಸಜ್ಜಿ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೊಲದಲ್ಲಿರುತ್ತದೆ. ಅಂಥ ದಿನಾಂಕ ಕಂಡರೆ ಸಭೆಗೆ ಮೊದಲೇ ಪಿಡಿಒ ಅವರಿಗೆ ಹೇಳಿ. ಸಭೆ ಆದ ಮೇಲೆ ಬಂದವರ ಎಣಿಕೆ ಬರೆಯಿರಿ, ಹೆಣ್ಣುಮಕ್ಕಳ ಎಣಿಕೆ ಬೇರೆ. ಹಾಜರಿ ಪುಸ್ತಕದ ಸಹಿಗಳನ್ನು ಲೆಕ್ಕ ಮಾಡುವುದಕ್ಕಿಂತ ಸಭೆ ನಡೆಯುವಾಗಲೇ ತಲೆ ಎಣಿಸುವುದು ಒಳ್ಳೆಯದು. ಪುಸ್ತಕ ಆಮೇಲೆ ಓಣಿ ಓಣಿ ತಿರುಗುವುದುಂಟು.

ಊರಿನ ಬದುಕು

ಹಲಗೆಯ ಬಲಭಾಗದ ಮೂರನೇ ಒಂದು ಪಾಲು ಇದಕ್ಕೆ ಬಿಡಿ. ನಿಜ ಹೇಳಬೇಕೆಂದರೆ ಜನ ಮೊದಲು ನೋಡುವುದು ಇದನ್ನೇ, ಪಂಚಾಯತಿ ಸುದ್ದಿಯನ್ನು ಇದರ ನೆಪದಲ್ಲಿ ಓದುತ್ತಾರೆ.

ಸಾವಿನ ಸುದ್ದಿಯನ್ನು ಮನೆಯವರನ್ನು ಕೇಳಿಯೇ ಹಾಕಬೇಕು. ಎಲ್ಲರಿಗೂ "ತೀರಿಕೊಂಡರು" ಎಂಬ ಒಂದೇ ಮಾತು ಬಳಸಿ. ಒಬ್ಬರಿಗೆ ಲಿಂಗೈಕ್ಯ, ಇನ್ನೊಬ್ಬರಿಗೆ ಬರೀ ಸತ್ತರು ಎಂದಾದರೆ ಆ ಗಾಯ ಮಾಯಲು ವರ್ಷಗಳು ಬೇಕು. ಮಣ್ಣಿನ ಅಥವಾ ದಫನ್ನಿನ ವೇಳೆ ಬರೆದರೆ ಸಾಕು. ಜಾತ್ರೆ, ಉರುಸು, ಮೊಹರಂ ಅಲಾಯಿ ಯಾವುದಾದರೂ ಬರೆಯುವ ಅಳತೆ ಒಂದೇ: ದಿನ, ವೇಳೆ, ನೀರಿನ ಟ್ಯಾಂಕರು ಎಲ್ಲಿ, ಕೆಕೆಆರ್‌ಟಿಸಿ ಹೆಚ್ಚಿನ ಬಸ್ ಇದೆಯೇ. ಸಂಕ್ರಾಂತಿಗೆ ಯಾದಗಿರಿ ಜಿಲ್ಲೆಯ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋಗುವವರಿಗೆ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದಕ್ಕೆ ನಿಷೇಧ ಇದೆ, ದಾರಿಯಲ್ಲಿ ತಪಾಸಣೆ ಇರುತ್ತದೆ ಎಂಬ ಸಾಲು ವಾರದ ಮುಂಚೆಯೇ ಬೇಕು.

ದನ ಕಳೆದರೆ ಬಣ್ಣ, ಕೋಡು, ಕಳೆದ ಜಾಗ ಬರೆಯಿರಿ. ದನ ಸಿಕ್ಕಿದೆ ಎಂದು ಬರೆಯುವಾಗ ಒಂದು ಗುರುತನ್ನು ಮುಚ್ಚಿಡಿ, ಕಿವಿಯ ಗಾಯವೋ ಬಾಲದ ಬಿಳಿಯೋ. ತನ್ನದೆಂದು ಬರುವವರ ಬಾಯಿಂದ ಅದು ಬರಬೇಕು.

ತೊಗರಿ ಧಾರಣೆ ಡಿಸೆಂಬರಿನಿಂದ ಫೆಬ್ರುವರಿವರೆಗೆ ಬಿಡದೆ ಬೇಕು. ಯಾವ ಎಪಿಎಂಸಿ, ಯಾವ ತಾರೀಖು, ಕನಿಷ್ಠ, ಗರಿಷ್ಠ, ಹೆಚ್ಚು ಮಾಲು ಮಾರಿದ ದರ ಇಷ್ಟೂ ಬರೆಯಿರಿ. ಬರೀ ಗರಿಷ್ಠ ಬರೆದರೆ ರೈತರು ಆ ದರದ ಆಸೆಗೆ ಗಾಡಿ ಬಾಡಿಗೆ ಕೊಟ್ಟು ಹೋಗಿ ದಲಾಲರ ಮುಂದೆ ಪೆಚ್ಚಾಗಿ ನಿಲ್ಲುತ್ತಾರೆ. ಪಕ್ಕದಲ್ಲಿ ಬೆಂಬಲ ಬೆಲೆ ಇರಲಿ. 2025–26ರ ಮುಂಗಾರಿಗೆ ಅದು ಕ್ವಿಂಟಲಿಗೆ 8,000 ರೂಪಾಯಿ. ಆಲಿಕಲ್ಲು ಬಿದ್ದ, ಹೊಲದಲ್ಲಿ ನೀರು ನಿಂತ ದಿನ ಮಿಕ್ಕದ್ದೆಲ್ಲ ಒರೆಸಿ ಒಂದೇ ಸಾಲು ದೊಡ್ಡದಾಗಿ ಬರೆಯಿರಿ: ಬೆಳೆವಿಮೆ ಮಾಡಿಸಿದವರು 72 ಗಂಟೆಯೊಳಗೆ ತಿಳಿಸಬೇಕು. ಎರಡು ದಿನ ತಡವಾಗಿ ಬರೆದ ಈ ಸಾಲಿಗೆ ಬೆಲೆಯಿಲ್ಲ. ಜೆಸ್ಕಾಂನವರ ಪಂಪ್‌ಸೆಟ್ ಕರೆಂಟಿನ ವೇಳೆ, ರೇಷನ್ ದಿನ, ಲಸಿಕೆ ದಿನ ಮಾಮೂಲಿ ಸುದ್ದಿ, ಒಂದೊಂದು ಸಾಲಿಗಿಂತ ಹೆಚ್ಚು ಬೇಡ.

ಯಾರ ಕಾಯಿಲೆ, ಯಾರ ಮನೆಯ ಜಗಳ, ಯಾರು ಕರ ಕಟ್ಟಿಲ್ಲ, ಯಾರ ಮಗಳು ಎಲ್ಲಿ ಹೋದಳು, ಇವು ಹಲಗೆಯ ಸುದ್ದಿಯಲ್ಲ. ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿ ಗ್ರಾಮಸಭೆಯಲ್ಲಿ ಓದುವಂಥದ್ದು, ಅದನ್ನು ಬರೆಯಬಹುದು. ಆಧಾರ್, ಬ್ಯಾಂಕ್ ಖಾತೆಯ ಅಂಕಿ ಯಾವ ಕಾರಣಕ್ಕೂ ಕೂಡದು.

ತಕರಾರು ಬಂದಾಗ

ಬರುತ್ತದೆ. "ಅಳಸರಿ ಅದನ್ನ" ಎಂದು ಯಾರಾದರೂ ಬಂದರೆ ಅಳಿಸಲೂ ಬೇಡಿ, ವಾದಕ್ಕೂ ಇಳಿಯಬೇಡಿ. ಆಧಾರ ತೋರಿಸಿ. ಅವರ ಬಳಿ ಬೇರೆ ಕಾಗದ ಇದ್ದರೆ ತರಲಿ, ಅವರ ಮಾತನ್ನೂ ಎರಡು ಸಾಲಿನಲ್ಲಿ ಅದರ ಕೆಳಗೇ ಬರೆಯಿರಿ. ತಪ್ಪು ಹಲಗೆಯದೇ ಆಗಿದ್ದರೆ ತಿದ್ದುಪಡಿ ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, "ತಿದ್ದುಪಡಿ" ಎಂಬ ತಲೆಬರಹದೊಂದಿಗೆ ಎರಡು ಸರತಿ ಇರಬೇಕು. ರಾತ್ರಿ ಯಾರೋ ಸಗಣಿ ಸವರಿದರೆ ತೊಳೆದು ಅದೇ ಸುದ್ದಿಯನ್ನೇ ಮತ್ತೆ ಬರೆಯಿರಿ. ಸವರಿದ್ದರ ಬಗ್ಗೆ ಬರೆಯಬೇಡಿ. ಚುನಾವಣೆ ನೀತಿಸಂಹಿತೆ ಜಾರಿಯಿರುವಷ್ಟು ದಿನ ಮತದಾನದ ದಿನ, ವೇಳೆ, ಬೂತು ಬಿಟ್ಟರೆ ರಾಜಕೀಯದ ಒಂದು ಸಾಲೂ ಬೇಡ, ಹಲಗೆಯ ಅಂಚಿಗೆ ಯಾರ ಪೋಸ್ಟರೂ ಬೇಡ. ಸೀಮೆಸುಣ್ಣದ ಖರ್ಚು ಹತ್ತಿಪ್ಪತ್ತು ಮನೆಯವರು ಹಂಚಿಕೊಳ್ಳಲಿ. ಒಬ್ಬರೇ ದೊಡ್ಡ ಮೊತ್ತ ಕೊಡಲು ಮುಂದೆ ಬಂದರೆ ಕೈಮುಗಿದು ಬೇಡ ಅನ್ನಿ.

ಅಳಿಸುವ ಮುಂಚೆ

ಪ್ರತಿ ಸಲ ಅಳಿಸುವ ಮೊದಲು ಫೋಟೋ ತೆಗೆಯಿರಿ. ಹೈದರಾಬಾದ್, ಪುಣೆ, ಮುಂಬೈಗೆ ದುಡಿಯಲು ಹೋದವರಿಗೆ ಅದೇ ಫೋಟೋ ಊರಿನ ಸುದ್ದಿ. ಜೊತೆಗೆ ಒಂದು ರಿಜಿಸ್ಟರು ಇರಲಿ: ತಾರೀಖು, ಸುದ್ದಿ, ಆಧಾರ, ಬರೆದವರ ಸಹಿ, ನಾಲ್ಕು ಕಲಂ. ಪಂಚಾಯತಿಯ ಅರಿವು ಕೇಂದ್ರದ (ಗ್ರಂಥಾಲಯದ) ಮೇಲ್ವಿಚಾರಕರು ಒಪ್ಪಿದರೆ ಅದನ್ನು ಅಲ್ಲೇ ಇಡಿ, ಯಾರು ಬೇಕಾದರೂ ತೆರೆದು ನೋಡಲಿ.

ಈ ರಿಜಿಸ್ಟರು ಕೆಲಸಕ್ಕೆ ಬರುವುದು ಜಮಾಬಂದಿಯ ದಿನ. ಪಂಚಾಯತಿಯ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಓದುವ ಈ ಕಾರ್ಯಕ್ರಮ ಸಾಮಾನ್ಯವಾಗಿ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ನಡೆಯುತ್ತದೆ. ಒಂದು ವಾರ ಮುಂಚೆ ರಿಜಿಸ್ಟರು ಹರವಿಕೊಂಡು ಹಿಂದಿನ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹಲಗೆಯ ಮೇಲೆ ಬಂದ ಕೆಲಸಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ: ಕೆಲಸ, ಮೊತ್ತ, ಕೊನೆಯ ಸಲ ಬರೆದಾಗ ಯಾವ ಮೆಟ್ಟಿಲಲ್ಲಿತ್ತು. ಅಲ್ಲಿ ಓದುವ ಲೆಕ್ಕಕ್ಕೆ ಈ ಹಾಳೆ ಹಿಡಿದು ಸಾಲು ಸಾಲು ತಾಳೆ ನೋಡಿ. ಬಿಲ್ಲು ಆಗಿದೆ ಎಂದು ಅವರು ಓದಿದ ಕೆಲಸ ನಿಮ್ಮ ಹಾಳೆಯಲ್ಲಿ ಇನ್ನೂ ಕಾರ್ಯಾದೇಶದ ಮೆಟ್ಟಿಲಲ್ಲಿದ್ದರೆ ಅಳತೆ ಪುಸ್ತಕದ ಪುಟ ಸಂಖ್ಯೆ ಕೇಳಿ, ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಕೂಡಿ ಸ್ಥಳಕ್ಕೇ ಹೋಗಿ ನೋಡಿ. ಅವರು ಕೊಟ್ಟ ಉತ್ತರ ಮರುದಿನದ ಹಲಗೆಗೆ.

ರಾಶಿಯ ದಿನಗಳಲ್ಲಿ ಬರೆಯುವ ಮೂವರೂ ಹೊಲದಲ್ಲೇ ಇರುತ್ತಾರೆ. ಆಗ ವಾರಕ್ಕೆ ಒಂದೇ ಸಲ ಬರೆದರೂ ನಡೆಯುತ್ತದೆ, ಆದರೆ ಕೆಳಗಿನ ಬಲಮೂಲೆಯಲ್ಲಿ "ಮುಂದಿನ ಸುದ್ದಿ ಇಂಥ ದಿನ" ಎಂದು ಬರೆದಿಟ್ಟು ಹೋಗಿ, ಆ ದಿನ ತಪ್ಪಿಸಬೇಡಿ.